ಗೆರೆಯವರೆಗೆ ನೀರು

ಗಂಡನ ಹೆಣದ ಬಾಯಿಗೆ ನೀರು ಬಿಡಲು ಅಂಬಿಕಾ ಬಾಗಿದ್ದಳು. ನಾದಿನಿ ಮರೆಮ್ಮ ಅವಳ ಕೈಯಿಂದ ಅವನ ಸ್ಟೀಲ್ ಗ್ಲಾಸು ಕಸಿದುಕೊಂಡಳು, ನೀರೆಲ್ಲ ನೆಲಕ್ಕೆ ಚೆಲ್ಲಿತು.

"ಸರಿ ಆಕಡಿ! ನಿನ್ನೆ ದವಾಖಾನಿಗಿ ಹೋಗೂಮುಂದ ಆಟೋದಾಗ ಒಂದು ಗುಟುಕು, ಒಂದೇ ಗುಟುಕು ಅಂತ ಬೇಡಿಕೊಂಡ. ಕೊಟ್ಟಿಯೇನು? ಈಗ್ಯಾಕ ಬಂದಿ ಕೊಡ್ಲಿಕ್ಕ?"

"ಇರ್ಲಿ ಬಿಡ್ರಿ ಯಕ್ಕಾ" ಎಂದರು ಯಾರೋ.

"ಯಾಕಿರ್ಲಿ? ಇಪ್ಪತ್ತೆರಡು ವರ್ಷ ಇಡೀ ಊರಿಗಿ ನೀರು ಬಿಟ್ಟ ವಾಟರ್‌ಮನ್ ನೀರಡಿಸಿ ಸತ್ತ. ಈಕಿ ಮೊನ್ನೆ ನಾಲವಾರಕ್ಕ ಮದಿವಿಗಿ ಹೋದ ಎರಡು ದಿನ ನಾ ನೋಡ್ಕೊಂಡೆ. ಅವೆರಡೇ ದಿನ ನನ್ನ ತಮ್ಮ ಹೊಟ್ಟಿ ತಂಪಾಗಿ ಮಲಗಿದ್ದು."

ಸತ್ತವರ ಮನೆಯಲ್ಲಿ ಯಾರ ಬಾಯಿಗೂ ಬೀಗವಿರುವುದಿಲ್ಲ ನೋಡಿ. ಗಂಡ ಅಂಬರಾಯ ಕೇಳಿದ್ದು ಖರೆ, ಅಂಬಿಕಾ ಕೊಡದಿದ್ದದ್ದೂ ಖರೆ. ಇಷ್ಟು ಜನರ ಅಳುವಿನ ನಡುವೆಯೂ ಅವನ ಒಣನಾಲಿಗೆ ಅಂಗುಳಕ್ಕೆ ಅಂಟಿ ಬಿಡುವ ಲಟ್ ಲಟ್ ಸದ್ದು ಅವಳ ಕಿವಿಯಲ್ಲಿ ಕೇಳುತ್ತಲೇ ಇತ್ತು.

*

ಮೂರು ವರ್ಷದ ಹಿಂದೆ ಚಿತ್ತಾಪುರದ ಡಯಾಲಿಸಿಸ್ ಕೋಣೆಯಲ್ಲಿ ಸಿಸ್ಟರ್ ಜಬೀನಾ ಗಂಡಹೆಂಡತಿಯನ್ನು ಕೂರಿಸಿಕೊಂಡು ಹೇಳಿದ್ದಳು.

"ನಾವು ಚಾ ಸೋಸ್ತೀವಲ್ಲ, ಹಾಂಗ ಕಿಡ್ನಿ ಹಗಲೂ ರಾತ್ರಿ ರಕ್ತ ಸೋಸ್ತಾವ್ರಿ. ಬೇಕಾದ್ದು ರಕ್ತಕ್ಕ ವಾಪಸ್ ಕೊಡ್ತಾವ. ಹೊಲಸು, ಹೆಚ್ಚಿನ ನೀರು ಮೂತ್ರದಾಗ ಹೊರಗ ಹಾಕ್ತಾವ. ಇವರವು ಕೆಲಸ ಬಿಟ್ಟಾವ. ವಾರಕ್ಕ ಎರಡು ಸಲ ಈ ಮಷೀನೇ ಸೋಸ್ಬೇಕು. ನಡುವ ಕುಡಿದ ನೀರಿಗಿ ಹೋಗ್ಲಿಕ್ಕ ದಾರಿ ಇಲ್ಲ. ಮೊದಲು ಕಾಲಿಗಿ ಬಾವು ಬರ್ತದ, ಆಮ್ಯಾಲ ಎದಿಯಾಗ ತುಂಬ್ತದ. ಒಣ ನೆಲದ ಮ್ಯಾಲೇ ಮುಳುಗಿದಂಗ."

ಅಂಬರಾಯ ನಕ್ಕಿದ್ದ. "ತಿಳೀತು ಬಿಡ್ರಿ. ಟಾಕಿಗಿ ನೀರು ಬರ್ಲಿಕತ್ತದ, ಹೊರಗ ಹೋಗೋ ವಾಲ್ ಬಂದ್ ಆಗ್ಯಾದ."

ಮನೆಗೆ ಬಂದವನೇ ತನ್ನ ಗ್ಲಾಸಿನ ಮೇಲೆ ಮೊಳೆಯಿಂದ ಗೆರೆ ಕೊರೆದ. "ದಿನಕ್ಕ ಇಂಥವು ಮೂರು. ಇದರ ಮ್ಯಾಲ ನಾ ಅತ್ತರೂ ಕೊಡಬ್ಯಾಡ. ನನ್ನ ಆಣಿ ಅದ."

ಆಮೇಲೆ ಅತ್ತ. ಎಷ್ಟೋ ಸಲ ಅತ್ತ. ಅವಳು ಗೋಡೆಗೆ ಮುಖ ಮಾಡಿ ತಾನೂ ಅತ್ತಳು, ಕೊಡಲಿಲ್ಲ.

*

ಹೆಣ ಎತ್ತುವ ಹೊತ್ತಿಗೆ ಜಬೀನಾ ಬಸ್ಸಿಳಿದು ಬಂದಳು. ಅಂಬಿಕಾಳ ಎರಡೂ ಕೈ ಹಿಡಿದುಕೊಂಡಳು.

"ನೀವು ಗಟ್ಟಿ ಇದ್ರಿ ಅಂತ ಮೂರು ವರ್ಷ ಉಳಿದ್ರು. ಪ್ರತಿ ಸಲ ತೂಕ ಒಂದೂವರೆ ಕಿಲೋ ಏರ್ತಿತ್ತು. ನಿನ್ನೆ ಆರು ಕಿಲೋ! ಮಷೀನಿಗಿ ಹಚ್ಚೂದ್ರಾಗ ಉಸಿರು ನಿಂತು ಹೋಯ್ತು, ಎದಿ ತುಂಬ ನೀರು. ಈ ಸಲ ಅಷ್ಟು ನೀರು ಯಾರು ಕೊಟ್ರಿ?"

ಹೇಳಬೇಕಾದ ಹೆಸರು ಅಂಬಿಕಾಳ ನಾಲಿಗೆಯ ತುದಿಗೆ ಬಂದಿತ್ತು. ತಿರುಗಿ ನೋಡಿದರೆ, ಮರೆಮ್ಮ ಕೈಯಲ್ಲಿದ್ದ ಗ್ಲಾಸಿನ ಒಳಗೆ ದಿಟ್ಟಿಸುತ್ತ ನಿಂತಿದ್ದಳು.

"ಕೇಳಿದ" ಎಂದಳು ಮರೆಮ್ಮ, ತನಗೆ ತಾನೇ ಎಂಬಂತೆ. "ತಂಬಿಗಿ ತಂಬಿಗಿ ಕುಡ್ದ. ಯಕ್ಕಾ, ಹೊಟ್ಟಿ ತಂಪಾಯ್ತು ಅಂದ. ಎತ್ತಿ ಆಡಿಸಿದಾಕಿ ನಾ, ಹ್ಯಾಂಗ ಒಲ್ಲೆ ಅನ್ಲಿ?"

ಅಂಬಿಕಾಳಿಗೆ ಮೈಯೆಲ್ಲ ಉರಿಯಿತು. ಕೊಂದೆಯಲ್ಲ ಎಂದು ಚೀರಬೇಕೆನಿಸಿತು. ಅದಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಯಿತು. ಹೊಟ್ಟೆ ತಂಪಾಯಿತು ಎಂಬ ಮಾತನ್ನು ಈ ಮೂರು ವರ್ಷದಲ್ಲಿ ಅವನು ಅವಳಿಗೆ ಒಮ್ಮೆಯೂ ಹೇಳಿರಲಿಲ್ಲ.

"ಹೊತ್ತಾಯ್ತವ್ವಾ, ನೀರು ಬಿಡ್ರಿ" ಎಂದರು ಬಾಗಿಲಲ್ಲಿದ್ದ ಹಿರಿಯರು.

ಮರೆಮ್ಮ ಗ್ಲಾಸು ಮುಂದೆ ಹಿಡಿದಳು. ಅಂಬಿಕಾ ಕೊಡದಿಂದ ನೀರು ಸುರಿದಳು. ಗೆರೆ ಬಂತು, ಕೈ ತಾನಾಗಿಯೇ ನಿಂತಿತು. ಮತ್ತೆ ಸುರಿದಳು, ಕಂಠಮಟ್ಟ. ನಾದಿನಿಯ ಮಣಿಕಟ್ಟು ಹಿಡಿದಳು. ಇಬ್ಬರೂ ಸೇರಿ ಅವನ ಬಾಯಿಗೆ ಬಗ್ಗಿಸಿದರು.

ನೀರು ಒಳಗೆ ಹೋಗಲಿಲ್ಲ. ತುಟಿಯ ಅಂಚಿನಿಂದ ಇಳಿದು ಕೊರಳ ಮೇಲೆ ಹರಿಯಿತು. ಅಂಬಿಕಾ ಸೆರಗಿನಿಂದ ಒರೆಸಿದಳು. ಮತ್ತೆ ಬಂತು. ಒರೆಸಿದಳು. ಮತ್ತೆ ಬಂತು.