ಸೀಟಿ ಶೆಡ್ಡಿನ ಬಿಸಿ ಸ್ಟೂಲುಗಳು

ಸೀಟಿ ತಯಾರಿಸುವ ಶೆಡ್ಡಿನಲ್ಲಿ ಬಾಯಿಮಾತು ನಡೆಯುವುದಿಲ್ಲ. ಒಂದು ಕಡೆ ತಗಡು ಕತ್ತರಿಸುವ ಯಂತ್ರ ಕಟಕಟ ಅನ್ನುತ್ತಿದ್ದರೆ, ಇನ್ನೊಂದು ಕಡೆ ಅಂಚು ಉಜ್ಜುವ ಚಕ್ರ ನಿದ್ದೆಯಲ್ಲಿ ಹಲ್ಲು ಕಡಿಯುವ ಮಗುವಿನ ಹಾಗೆ ಕರಕರ ಅನ್ನುತ್ತಿರುತ್ತದೆ. ಇವೆರಡರ ನಡುವೆ ಯಾರಾದರೂ ಗಂಟಲು ಹರಿದುಕೊಂಡರೆ ನಷ್ಟ ಗಂಟಲಿಗೇ. ಅದಕ್ಕೇ ಅಲ್ಲಿನವರೆಲ್ಲ ಸೀಟಿಯಲ್ಲೇ ಮಾತಾಡುತ್ತಿದ್ದರು. ಒಂದು ಸಲ ಊದಿದರೆ ತಗಡು ಮುಗಿಯಿತು, ತನ್ನಿ ಎಂದು. ಎರಡು ಸಲ ಊದಿದರೆ ಚಹಾ. ಮೂರು ಸಲ ಊದಿದರೆ ಕೈಯಲ್ಲಿದ್ದದ್ದು ಕೈಯಲ್ಲೇ ಬಿಟ್ಟು ಹೊರಗೆ ಓಡು, ಹಿಂದೆ ತಿರುಗಿ ನೋಡಬೇಡ ಎಂದು. ಒಮ್ಮೆ ಓಡಿದ ಮೇಲೆ ಯಜಮಾನಿ ತಲೆ ಎಣಿಸಿ, ಉದ್ದಕ್ಕೆ ಒಂದು ಸೀಟಿ ಊದುವ ತನಕ ಒಳಗೆ ಕಾಲಿಡುವ ಹಾಗಿಲ್ಲ. ಬಹಳ ಹಿಂದೆ ಒಮ್ಮೆ ಬೆಂಕಿ ಬಿದ್ದಾಗ, ಸೀಟಿಗಳಿಗೆ ಹೊಳಪು ಕೊಡುವ ತಾತ ಕನ್ನಡಕ ಮರೆತೆನೆಂದು ಒಳಗೆ ನುಗ್ಗಿ, ಕನ್ನಡಕ ತಂದು, ಹುಬ್ಬು ಬಿಟ್ಟು ಬಂದಿದ್ದ. ಅಂದಿನಿಂದ ಈ ನಿಯಮ ಕಲ್ಲಿನಲ್ಲಿ ಕೆತ್ತಿದಂತೆ.

ಯಜಮಾನಿ ಅಂದರೆ ಗುಂಗಿಯ ಚಿಕ್ಕಮ್ಮ. ಗುಂಗಿ ಅಂದರೆ ಅಕ್ಕನ ಮಗಳು, ಶೆಡ್ಡಿನ ಕಾಗದಪತ್ರ ಬರೆಯುವವಳು. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇತ್ತು. ಆದರೆ ಕೂತಲ್ಲಿ ಕೂತು ಇನ್ನೆಲ್ಲೋ ಇರುವ ಹುಡುಗಿಗೆ ಆ ಹೆಸರು ನಿಲ್ಲಲಿಲ್ಲ. ಅವಳು ಅಜ್ಜಿಯ ತೊಡೆಯ ಮೇಲೆ ಕತೆ ಕೇಳುತ್ತಲೇ ಬೆಳೆದವಳು.

"ನಾನೂ ಅದೇ ತೊಡೆ ಮೇಲೆ ಮಲಗಿ ಅವೇ ಕತೆ ಕೇಳಿದೋಳು ಕಣೇ" ಎಂದು ಚಿಕ್ಕಮ್ಮ ಹೇಳುವುದಿತ್ತು. "ನಂಗೆ ನಿದ್ದೆ ಬಂತು. ನಿಂಗೆ ಹುಚ್ಚು ಹಿಡೀತು."

ಶೆಡ್ಡು ಸರ್ಕಾರದ್ದು, ಚಿಕ್ಕಮ್ಮನದು ಬರೀ ಗುತ್ತಿಗೆ. ಇತ್ತೀಚೆಗೆ ಸೀಟಿ ಕೇಳುವವರು ಕಡಿಮೆಯಾಗಿ, ಶೆಡ್ಡಿನ ಒಂದು ಮಗ್ಗುಲು ಖಾಲಿ ಬಿದ್ದಿತ್ತು. ಖಾಲಿ ಜಾಗ ಕಂಡರೆ ಸರ್ಕಾರ ವಾಪಸ್ಸು ಎಳೆದುಕೊಳ್ಳುತ್ತದೆ. ಅದಕ್ಕೇ ಆ ಮಗ್ಗುಲನ್ನು ದಿಂಬು ಹೊಲಿಯುವ ದಿಂಬಣ್ಣನಿಗೆ ಒಳಬಾಡಿಗೆಗೆ ಕೊಡಲು ಅರ್ಜಿ ಹಾಕಿ, ಚಿಕ್ಕಮ್ಮ ತಾತ್ಕಾಲಿಕ ಒಪ್ಪಿಗೆಯನ್ನೂ ಪಡೆದಿದ್ದಳು. ಪಕ್ಕಾ ಒಪ್ಪಿಗೆ ಸಿಗಬೇಕಾದರೆ ತಪಾಸಣೆ ಆಗಬೇಕು. ಷರತ್ತುಗಳು ಮೂರು. ನೂರರಲ್ಲಿ ಅರವತ್ತು ಪಾಲು ಜಾಗದಲ್ಲಿ ಗುತ್ತಿಗೆದಾರರು ಸ್ವತಃ ದುಡಿಯುತ್ತಿರಬೇಕು. ಒಳಬಾಡಿಗೆಯವರು ತಮ್ಮ ಗೆರೆ ದಾಟಬಾರದು. ತಪಾಸಣೆಯ ಹೊತ್ತಿಗೆ ಶೆಡ್ಡಿನಲ್ಲಿ ಕೆಲಸ ಮಾಡುವವರು ಯಾರೂ ಕಾಣದಿದ್ದರೆ ಶೆಡ್ಡು ಬಿಟ್ಟುಹೋದಂತೆ; ಗುತ್ತಿಗೆ ರದ್ದು, ಬೀಗ ಸರ್ಕಾರದ್ದು.

"ಮೂರನೇದು ಬಿಡು" ಅಂದಿದ್ದಳು ಚಿಕ್ಕಮ್ಮ. "ನಾವೆಲ್ಲಿ ಹೋಗ್ತೀವಿ? ಇಪ್ಪತ್ತೆರಡು ವರ್ಷದಿಂದ ಈ ಶೆಡ್ಡಲ್ಲೇ ಬೇರು ಬಿಟ್ಟಿದೀವಿ."

ಆ ಮಾತು ಆಡಿದ್ದೇ ತಪ್ಪಾಯಿತೇನೋ.

ತಪಾಸಣೆಯ ಸಾಹೇಬರು ಬೆಳಿಗ್ಗೆ ಹತ್ತೂವರೆಗೆ ಬಂದರು. ಮೊದಲು ಅವರ ಮೂಗು ಬಂತು, ಹಿಂದಿನಿಂದ ಅವರು ಬಂದರು. ಅಷ್ಟು ಉದ್ದದ ಮೂಗು. ಕಂಕುಳಲ್ಲಿ ನಿಯಮಗಳ ದಪ್ಪ ಪುಸ್ತಕ, ಸೊಂಟದಲ್ಲಿ ಅಳತೆಯ ಟೇಪು.

"ನಾನು ಕಂಡಿದ್ದನ್ನ ಮಾತ್ರ ಬರೆಯೋನು" ಎಂದು ಬಾಗಿಲಲ್ಲೇ ಘೋಷಿಸಿದರು. "ಕೇಳಿದ್ದು ಬರಿಯಲ್ಲ. ಹೇಳಿದ್ದು ಬರಿಯಲ್ಲ."

ಚಿಕ್ಕಮ್ಮ ಕೈ ಪ್ರೆಸ್ಸಿನ ಹಿಡಿಕೆ ಬಿಡದೆ ಅಲ್ಲಿಂದಲೇ ತಲೆ ಬಾಗಿಸಿದಳು. ಸದಾ ಅವಳ ಕೊರಳಲ್ಲಿ ನೇತಾಡುವ ಸೀಟಿ ಅಂದು ಇರಲಿಲ್ಲ. "ದೊಡ್ಡೋರು ಬರೋವಾಗ ಅದ್ಯಾಕೆ ಚಿಕ್ಕಮ್ಮಾ, ಆಟದ ಮೇಷ್ಟ್ರ ಥರ ಕಾಣ್ತೀಯ" ಎಂದು ಗುಂಗಿಯೇ ಬಿಚ್ಚಿಸಿ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದಳು.

ಸಾಹೇಬರನ್ನು ಸುತ್ತಾಡಿಸುವುದು ಗುಂಗಿಯ ಪಾಲಿಗೆ ಬಂತು. ಮೊದಲು ಅಳತೆ. ನೆಲದ ಹಳದಿ ಗೆರೆಯನ್ನು ಗುಂಗಿಯೇ ಎಳೆದದ್ದು. ಎಳೆಯುವಾಗ ಮನಸ್ಸು ಎಲ್ಲೋ ಇದ್ದುದರಿಂದ ಗೆರೆ ಹೊಳೆಯ ಹಾಗೆ ಅತ್ತ ಬಳುಕಿ, ಇತ್ತ ಬಳುಕಿ, ಕಂಬದ ಹತ್ತಿರ ಒಂದು ಸುತ್ತು ಹಾಕಿ ಮುಂದೆ ಹೋಗಿತ್ತು.

"ಇದೇನಮ್ಮಾ, ಗೆರೆಗೆ ಹೊಟ್ಟೆನೋವಾ?" ಎಂದರು ಸಾಹೇಬರು. ಹನ್ನೊಂದು ಕಡೆ ಟೇಪು ಹಿಡಿದು, ಮಂಡಿಯೂರಿ, ಕೂಡಿಸಿ, ಭಾಗಿಸಿ, ಬೆವರು ಒರೆಸಿಕೊಂಡು ಬರೆದರು: ನೂರಕ್ಕೆ ಅರವತ್ತೊಂದು. ಗುಂಗಿಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಹತ್ತಿ. ದಿಂಬಣ್ಣ ಬಡಿದಂತೆಲ್ಲ ಹತ್ತಿಯ ಎಳೆಗಳು ಎದ್ದು, ಗೆರೆಯನ್ನು ಲೆಕ್ಕಿಸದೆ ಸೀಟಿಯ ಕಡೆ ತೇಲಿ ಬರುತ್ತಿದ್ದವು.

"ಒಳಬಾಡಿಗೆಯವರ ಸರಕು ಗೆರೆ ದಾಟ್ತಾ ಇದೆ."

"ಅದು ಸರಕಲ್ಲ ಸಾಹೇಬ್ರೇ, ಧೂಳು" ಎಂದ ದಿಂಬಣ್ಣ. ಅವನ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. ಎರಡು ಮಾತಿಗೊಮ್ಮೆ ಆಕಳಿಸುವುದು ಅವನ ಕಸುಬಿನ ರೋಗ. "ಬೇಕಾದ್ರೆ ಹಿಡಿದು ಕೊಡಿ, ವಾಪಸ್ ತಗೋತೀನಿ."

ಸಾಹೇಬರು ಗಾಳಿಯಲ್ಲಿ ಎರಡು ಸಲ ಕೈ ಬೀಸಿದರು. ಒಂದೂ ಸಿಗಲಿಲ್ಲ. 'ಹಿಡಿಯಲಾಗಲಿಲ್ಲ' ಎಂದು ಬರೆದುಕೊಂಡರು.

ಉಳಿದದ್ದು ತಯಾರಾದ ಸರಕಿನ ಪರೀಕ್ಷೆ. ಗುಂಗಿ ತಟ್ಟೆಯಿಂದ ಫಳಫಳ ಹೊಳೆಯುವ ಒಂದು ಸೀಟಿ ತೆಗೆದು ಅವರ ಕೈಗಿಟ್ಟಳು. ಎಚ್ಚರಿಕೆಯ ಒಂದು ಮಾತು ಹೇಳಬೇಕಿತ್ತು. ಆದರೆ ಅಷ್ಟರಲ್ಲಿ ಮಾಡಿನ ಕಿಂಡಿಯಿಂದ ಒಂದು ಬಿಸಿಲುಕೋಲು ಇಳಿದು, ಅದರೊಳಗೆ ಹತ್ತಿಯ ಎಳೆಗಳು ಬಂಗಾರದ ಮೀನುಗಳಾಗಿ ಈಜತೊಡಗಿದ್ದವು. ಗುಂಗಿ ಅಲ್ಲಿಗೆ ಹೋಗಿಬಿಟ್ಟಳು.

ಸಾಹೇಬರು ಒಮ್ಮೆ ಊದಿದರು. ಹೆಂಗಸೊಬ್ಬಳು ಬಂದು ಅವರ ಮುಂದೆ ತಗಡಿನ ಹಾಳೆ ಇಟ್ಟು ಹೋದಳು. ಅವರು ತಗಡನ್ನು ನೋಡಿದರು, ಸೀಟಿಯನ್ನು ನೋಡಿದರು. ಎರಡು ಸಲ ಊದಿದರು. ಹೊಗೆಯಾಡುವ ಚಹಾ ಬಂತು.

"ಅರೆ! ಭಲೇ ಸೀಟಿ ಕಣಮ್ಮಾ ಇದು!" ಇಪ್ಪತ್ತು ವರ್ಷದ ನೌಕರಿಯಲ್ಲಿ ಕೇಳದೆ ಚಹಾ ಬಂದದ್ದು ಇದೇ ಮೊದಲೇನೋ, ಅವರ ಮೂಗಿನ ತುದಿಯೂ ಅರಳಿತು. ಇನ್ನೂ ಏನೇನು ಬರುತ್ತದೋ ಎಂಬ ಆಸೆಯಿಂದ ಎದೆ ತುಂಬ ಉಸಿರೆಳೆದು, ಮೂರು ಸಲ ಊದಿದರು.

ಮುಂದೆ ಆದದ್ದನ್ನು ಹೇಳುವುದಕ್ಕಿಂತ ಬೇಗ ಅದು ಆಗಿ ಮುಗಿದಿತ್ತು. ಯಂತ್ರಗಳು ನಿಂತವು. ಸ್ಟೂಲುಗಳು ಅಲ್ಲಾಡಿದವು. ತಾತ ಅರವತ್ತೆಂಟರ ಕಾಲುಗಳನ್ನು ಹದಿನೆಂಟರದ್ದು ಮಾಡಿಕೊಂಡು ಬಾಗಿಲು ದಾಟಿದ. ದಿಂಬಣ್ಣ ಮತ್ತವನ ಇಬ್ಬರು ಕೆಲಸದವರು ಅಪ್ಪಿದ್ದ ದಿಂಬುಗಳ ಸಮೇತ ಹಾರಿದರು. ಚಿಕ್ಕಮ್ಮ ಪ್ರೆಸ್ಸು ಬಿಟ್ಟು, ಎಲ್ಲರನ್ನೂ ಕೋಳಿಮರಿಗಳಂತೆ ಮುಂದೆ ತಳ್ಳಿ ಹೊರಬಿದ್ದಳು. ಗುಂಗಿಯ ಮನಸ್ಸು ಬಂಗಾರದ ಮೀನುಗಳ ಜೊತೆಗಿದ್ದರೂ ಅವಳ ಕಾಲುಗಳು ಅವಳನ್ನು ಕೇಳದೆಯೇ ಓಡಿದ್ದವು. ಎಚ್ಚರಾದಾಗ ಅವಳು ಅಂಗಳದ ನೀರಿನ ಟ್ಯಾಂಕಿನ ಕೆಳಗೆ ಸಾಲಿನಲ್ಲಿ ನಿಂತಿದ್ದಳು.

"ಎಲ್ಲಿ ಬೆಂಕಿ?" ಎಂದ ತಾತ, ಇಲ್ಲದ ಹುಬ್ಬು ಮುಟ್ಟಿಕೊಳ್ಳುತ್ತ.

"ಬೆಂಕಿ ಇಲ್ಲ" ಎಂದಳು ಗುಂಗಿ ಸಣ್ಣ ದನಿಯಲ್ಲಿ. "ಸಾಹೇಬ್ರು ಇದಾರೆ."

ಎಲ್ಲರೂ ಕಿಟಕಿಯತ್ತ ತಿರುಗಿದರು. ಒಳಗೆ ಅಷ್ಟು ದೊಡ್ಡ ಶೆಡ್ಡಿನ ನಡುವೆ ಸಾಹೇಬರು ಒಬ್ಬರೇ, ಬಾಯಲ್ಲಿ ಸೀಟಿ, ಕೈಯಲ್ಲಿ ಚಹಾ. ನಿಧಾನಕ್ಕೆ ಸುತ್ತಲೂ ನೋಡಿದರು. ಗಡಿಯಾರ ನೋಡಿದರು. ಚಹಾ ಮುಗಿಸಿ, ಪೆನ್ನಿನ ಮುಚ್ಚಳ ತೆಗೆದರು.

"ಮೂರನೇ ಷರತ್ತು!" ಗುಂಗಿ ಚಿಕ್ಕಮ್ಮನ ಸೆರಗು ಜಗ್ಗಿದಳು. "ಚಿಕ್ಕಮ್ಮಾ, ಒಳಗೆ ನಡಿ! ಯಾರೂ ಇಲ್ಲ ಅಂತ ಬರ್ದುಬಿಡ್ತಾರೆ!"

ಚಿಕ್ಕಮ್ಮನ ಕೈ ಕೊರಳಿಗೆ ಹೋಯಿತು. ಅಲ್ಲಿ ಸೀಟಿ ಇರಲಿಲ್ಲ. "ಉದ್ದ ಸೀಟಿ ಊದದೆ ಒಬ್ಬರನ್ನೂ ಒಳಗೆ ಬಿಡಲ್ಲ. ನಾನೇ ಮಾಡಿದ ನಿಯಮ, ನಾನೇ ಮುರಿದ್ರೆ ನಾಳೆ ನಿಜವಾದ ಬೆಂಕಿ ಬಿದ್ದಾಗ ಯಾರು ಕೇಳ್ತಾರೆ? ಯಾರ ಹತ್ರನಾದ್ರೂ ಸೀಟಿ ಇದ್ಯೇನ್ರೋ?"

ಎಲ್ಲರೂ ಜೇಬು ತಡಕಿದರು. ಹುಟ್ಟಿದಾಗಿನಿಂದ ಲಕ್ಷಗಟ್ಟಲೆ ಸೀಟಿ ಮಾಡಿದವರ ಕೈಯಲ್ಲಿ ಆ ಗಳಿಗೆಗೆ ಒಂದು ಸೀಟಿ ಇರಲಿಲ್ಲ.

"ನಾನು ಬಾಯಲ್ಲೇ ಹಾಕ್ತೀನಿ" ಎಂದು ತಾತ ತುಟಿ ಚೂಪು ಮಾಡಿದ. ಹಲ್ಲಿಲ್ಲದ ಬಾಯಿಂದ ಬರೀ ಗಾಳಿ ಬಂತು. ದಿಂಬಣ್ಣ ನಿಂತಲ್ಲೇ ದಿಂಬಿಗೆ ಒರಗಿ ಆಕಳಿಸಿದ.

ಗುಂಗಿ ಚಿಕ್ಕಮ್ಮನ ಮುಖ ನೋಡಿದಳು. ಇಪ್ಪತ್ತೆರಡು ವರ್ಷದ ಬೇರು ಕಣ್ಣೆದುರೇ ಅಲ್ಲಾಡುತ್ತಿತ್ತು. ಸೀಟಿ ಬಿಚ್ಚಿಸಿದ್ದು ಅವಳು, ಸಾಹೇಬರ ಕೈಗೆ ಸೀಟಿ ಕೊಟ್ಟದ್ದೂ ಅವಳು. ಅವಳು ಸಾಲು ಬಿಟ್ಟು ಒಳಗೆ ಓಡಿದಳು.

"ಏ ಗುಂಗೀ! ನಿಯಮ ಮುರೀತಿದೀಯ! ನಿನ್ ಹುಬ್ಬು ಹೋಗ್ಲಿ!" ಎಂದು ಹಿಂದಿನಿಂದ ಚಿಕ್ಕಮ್ಮ ಕೂಗಿದಳು.

ಸಾಹೇಬರು ಆಗಷ್ಟೇ ಬರೆದು ಮುಗಿಸಿದ್ದರು. ತಪಾಸಣೆ ಹೊತ್ತಿಗೆ ಹಾಜರಿದ್ದವರು: ಸೊನ್ನೆ.

"ಸರ್, ಎಲ್ಲಾರೂ ಇಲ್ಲೇ ಇದ್ರು! ನೀವು ಊದಿದ್ದಕ್ಕೆ ಓಡಿದ್ದು!"

"ಇರಬಹುದಮ್ಮಾ. ಆದ್ರೆ ನಾನು ತಲೆ ಎಣಿಸೋ ಹೊತ್ತಿಗೆ ಒಂದು ತಲೇನೂ ಇರ್ಲಿಲ್ಲ. ಕಂಡಿದ್ದನ್ನ ಮಾತ್ರ ಬರೀತೀನಿ."

ಅವರ ಉದ್ದ ಮೂಗನ್ನೇ ನೋಡುತ್ತಿದ್ದ ಗುಂಗಿಗೆ, ಎಲ್ಲಿಂದಲೋ ಅಜ್ಜಿಯ ದನಿ ಕೇಳಿತು. ಮೊಲದ ಬಿಲದ ಕತೆ. ಮೊಲ ಮೇಯಲು ಹೋದ ಹೊತ್ತು ನೋಡಿ, ನರಿ ಆನೆಯನ್ನು ಕರೆದುಕೊಂಡು ಬಂದು, 'ನೋಡಿ ಸ್ವಾಮಿ, ಬಿಲ ಖಾಲಿ ಬಿದ್ದಿದೆ, ನನ್ನ ಹೆಸರಿಗೆ ಮಾಡಿಕೊಡಿ' ಅಂದಿತಂತೆ. ಆನೆ ಸೊಂಡಿಲು ಒಳಗೆ ಬಿಟ್ಟು, 'ಎಲೈ ನರಿಯೇ, ಇದು ಬೆಚ್ಚಗಿದೆಯಲ್ಲ! ಬೆಚ್ಚಗಿರುವ ಮನೆ ಖಾಲಿ ಮನೆ ಹೇಗಾದೀತು?' ಅಂದಿತಂತೆ.

"ಸರ್" ಎಂದಳು ಗುಂಗಿ, "ಕಂಡಿದ್ದನ್ನ ಬರೀಬೇಕು ಅಂತ ಇದೆ, ಸರಿ. ಮುಟ್ಟಿ ನೋಡಿದ್ದನ್ನ ಬರೀಬಾರ್ದು ಅಂತ ಎಲ್ಲಾದ್ರೂ ಇದ್ಯಾ?"

ಸಾಹೇಬರು ಪೆನ್ನು ತಡೆದರು. ಪುಸ್ತಕ ತೆರೆದು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಹಾಳೆ ಮಗುಚಿದರು. ಗುಂಗಿ ಒಂದು ಕಾಲಿಂದ ಇನ್ನೊಂದು ಕಾಲಿಗೆ ಕುಣಿದಳು.

"ಸರ್, ಬೇಗ! ತಣ್ಣಗಾಗ್ತಿದೆ!"

"ಏನು?"

"ಸ್ಟೂಲು!"

ಪುಸ್ತಕದಲ್ಲಿ ಎಲ್ಲಿಯೂ ಬೇಡವೆಂದು ಇರಲಿಲ್ಲ. ಸಾಹೇಬರು ಮೊದಲ ಸ್ಟೂಲಿನ ಮೇಲೆ ಅಂಗೈ ಇಟ್ಟರು. ಹುಬ್ಬೇರಿತು. "ಬಿಸಿ" ಎಂದು ಬರೆದರು. ಎರಡನೆಯದು ಬಿಸಿ. ಮೂರನೆಯದಕ್ಕೆ ಅಂಗೈಯಲ್ಲಿ ಅನುಮಾನ ಬಂದು, ತಾವೇ ಕೂತು ನೋಡಿ, "ಬಿಸಿ, ಖಚಿತ" ಎಂದು ಬರೆದರು. ಆಮೇಲೆ ಕೂತೇ ನೋಡುವುದು ಸರಿಯಾದ ವಿಧಾನವೆಂದು ತೀರ್ಮಾನಿಸಿ, ಸ್ಟೂಲಿಂದ ಸ್ಟೂಲಿಗೆ ಓಡಿ ಓಡಿ ಕೂತರು. ಕಿಟಕಿಯ ಹೊರಗೆ ಸಾಲಾಗಿ ನಿಂತ ಮುಖಗಳು ಬಾಯಿ ತೆರೆದು ನೋಡುತ್ತಿದ್ದವು.

"ನನ್ ಸ್ಟೂಲ್ ಮೇಲೆ ಯಾಕ್ ಕೂತವ್ರೆ?" ಎಂದ ತಾತ.

"ಸುಮ್ನಿರಿ ತಾತ, ಸರ್ಕಾರಿ ಕೆಲಸ ನಡೀತಿದೆ" ಎಂದ ದಿಂಬಣ್ಣ.

ಸೀಟಿಯ ಕಡೆ ಆರು ಬಿಸಿ. ಗೆರೆಯಾಚೆ ಹತ್ತಿಯ ರಾಶಿಯ ಮೇಲೆ ಮೂರು ಬಿಸಿ. ಮೂರನೆಯದರಲ್ಲಿ ಸಾಹೇಬರು ಕುತ್ತಿಗೆಯವರೆಗೆ ಹೂತುಹೋಗಿ, ಆಹಾ ಎಂದು ಕಣ್ಣು ಮುಚ್ಚಿದರು. ಗುಂಗಿ ಕೈ ಹಿಡಿದು ಎಳೆದು ಎಬ್ಬಿಸಿದಳು.

"ಇನ್ನು ಗುತ್ತಿಗೆದಾರರು. ಸ್ವತಃ ಇರ್ಬೇಕು" ಎಂದು ಸಾಹೇಬರು ಚಿಕ್ಕಮ್ಮನ ಕುರ್ಚಿಯ ಬಳಿ ಹೋದರು. ಕುರ್ಚಿಯ ಮೇಲೆ ರಟ್ಟಿನ ಡಬ್ಬಿಗಳು, ಡಬ್ಬಿಗಳ ಮೇಲೆ ಒಂದು ಬೆರಳು ಧೂಳು. ಡಬ್ಬಿ ಇಳಿಸಿ ಮುಟ್ಟಿದರು. ಮಂಜುಗಡ್ಡೆ.

"ಇದು ತಣ್ಣಗಿದೆಯಲ್ಲಮ್ಮ." ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. "ಉಳಿದೋರೆಲ್ಲ ಬಿಸಿ, ಯಜಮಾನಿ ಮಾತ್ರ ತಣ್ಣಗಿದ್ರೆ ನಾನೇನು ಬರೀಲಿ?"

ಗುಂಗಿ ಆ ಧೂಳನ್ನೇ ನೋಡಿದಳು. ಚಿಕ್ಕಮ್ಮ ಆ ಕುರ್ಚಿಯಲ್ಲಿ ಕೂತದ್ದನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಕೂರುವುದಕ್ಕೆ ಅವಳಿಗೆ ಪುರುಸೊತ್ತಾದರೂ ಎಲ್ಲಿ? ಬೆಳಗಿನಿಂದ ಬೈಗಿನ ತನಕ ನಿಂತೇ, ಆ ಪ್ರೆಸ್ಸಿನ ಹಿಡಿಕೆಯನ್ನು...

"ಸರ್! ಹಿಡಿಕೆ! ಪ್ರೆಸ್ಸಿನ ಹಿಡಿಕೆ ಮುಟ್ಟಿ!"

ಸಾಹೇಬರು ಕಬ್ಬಿಣದ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದರು. ಇನ್ನೂ ಬೆಚ್ಚಗಿತ್ತು. ಬಿಟ್ಟು ನೋಡಿದರೆ ಅಂಗೈ ತುಂಬ ಕಪ್ಪು ಜಿಡ್ಡು. ಕಿಟಕಿಯ ಬಳಿ ಹೋಗಿ, ಕೈ ತೋರಿಸಿ ಎಂದು ಸನ್ನೆ ಮಾಡಿದರು. ಚಿಕ್ಕಮ್ಮ ಗಾಜಿನ ಮೇಲೆ ಅಂಗೈ ಊರಿದಳು. ಅದೇ ಕಪ್ಪು, ಅದೇ ಜಿಡ್ಡು, ಎರಡೂ ಅಂಗೈಗೆ ಅಡ್ಡವಾಗಿ ಅದೇ ಹಿಡಿಕೆಯ ಗೆರೆ. ಸಾಹೇಬರು ಆ ಕೈ ನೋಡಿದರು, ತಮ್ಮ ಕೈ ನೋಡಿದರು. ಆಮೇಲೆ ಸೊನ್ನೆಯನ್ನು ಹೊಡೆದು ಹಾಕಿ, ಹತ್ತು ಎಂದು ಬರೆದರು. ಹಾಳೆಯ ಅಂಚಿನಲ್ಲಿ ಅವರ ಕಪ್ಪು ಹೆಬ್ಬೆರಳೂ ಮೂಡಿತು.

"ಇನ್ನೊಂದೇ ಒಂದು ಉಪಕಾರ ಸರ್" ಎಂದಳು ಗುಂಗಿ. "ಉದ್ದಕ್ಕೆ ಒಂದು ಸಲ ಊದಿಬಿಡಿ. ಇಲ್ದಿದ್ರೆ ಅವರು ಸಾಯಂಕಾಲದ ತನಕ ಅಲ್ಲೇ ನಿಂತಿರ್ತಾರೆ."

ಸಾಹೇಬರು ಅಂಜುತ್ತಂಜುತ್ತ ಊದಿದರು. ಶೆಡ್ಡು ತುಂಬಿತು. ಚಿಕ್ಕಮ್ಮ ಒಳಗೆ ಬಂದವಳೇ ಮೊದಲು ಗುಂಗಿಯ ಕಿವಿ ಹಿಂಡಿದಳು. ಆಮೇಲೆ ಅದೇ ಕೈಯಲ್ಲಿ ತಲೆ ಸವರಿದಳು. ಗುಂಗಿಯ ಅರ್ಧ ಮುಖ ಕಪ್ಪಾಯಿತು.

ಒಂದು ತಿಂಗಳಿಗೆ ಪಕ್ಕಾ ಒಪ್ಪಿಗೆಯ ಪತ್ರ ಬಂತು. ಹಳೆಯ ಮೂರು ಷರತ್ತಿನ ಕೆಳಗೆ ಹೊಸದಾಗಿ ಎರಡು ಸೇರಿದ್ದವು. ತಪಾಸಣೆಗೆ ಬರುವ ಅಧಿಕಾರಿಗಳ ಕೈಗೆ ಸೀಟಿ ಕೊಡತಕ್ಕದ್ದಲ್ಲ. ಹಾಗೂ, ವರದಿಯಲ್ಲಿ ನಮೂದಾದ ಆಸನಗಳನ್ನು ಗುತ್ತಿಗೆಯ ಅವಧಿ ಮುಗಿಯುವವರೆಗೆ ಬಿಸಿಯಾಗಿಯೇ ಇಡತಕ್ಕದ್ದು.

ಗುಂಗಿ ಗಟ್ಟಿಯಾಗಿ ಓದಿ ಹೇಳಿದಳು. ಅಂದಿನಿಂದ ತಾತ ತಗಡು ತರಲಿಕ್ಕೂ ಏಳುವುದಿಲ್ಲ. ಚಿಕ್ಕಮ್ಮ ಎಷ್ಟು ಗದರಿದರೂ ಅವನದು ಒಂದೇ ಉತ್ತರ.

"ನಾನೆದ್ರೆ ಶೆಡ್ಡು ಹೋಗುತ್ತೆ ಕಣವ್ವಾ. ಸರ್ಕಾರದ ಆರ್ಡರ್ರು."