ಹಳದಿ ಬಣ್ಣದ ಕ್ಲಾಂಪ್

ಮೂಡಿಗೆರೆಯ ಜಯದೇವಪ್ಪನ ಹಾರ್ಡ್‌ವೇರ್ ಅಂಗಡಿಗೆ ಬಂದವರು ತಮಗೆ ಬೇಕಾದದ್ದನ್ನು ಕೊಂಡು ಹೋದದ್ದು ಕಡಿಮೆ. ಜಯದೇವಪ್ಪ ಯಾವುದು ಬೇಕು ಅನ್ನುತ್ತಾನೋ ಅದನ್ನು ಕೊಂಡು ಹೋಗುತ್ತಿದ್ದರು. ನಲವತ್ತು ವರ್ಷ ಪೈಪು, ನಟ್ಟು, ಬೋಲ್ಟು ಮಾರಿದವನು. ಹೆಚ್ಚಿನ ಸಲ ಅವನ ಮಾತು ಸರಿಯಾಗಿಯೂ ಇರುತ್ತಿತ್ತು. ಮನುಷ್ಯನ ತಲೆ ತಿರುಗಲಿಕ್ಕೆ ಅಷ್ಟು ಸಾಕಲ್ಲವೇ?

ಕಳೆದ ಸೆಪ್ಟೆಂಬರಿನ ಒಂದು ಬುಧವಾರ ತಮ್ಮನ ಮಗಳು ಕೃತಿಕಾ ಅಂಗಡಿಗೆ ಬಂದಳು. ತೋಟದ ಕೆಸರಲ್ಲಿ ಗಂಡಸರು ಇಳಿದು ತಳ್ಳುವ ಜಾಗದಲ್ಲಿ ಅವಳು ಜೀಪು ಓಡಿಸಿಕೊಂಡು ಹೋಗುವುದನ್ನು ನೋಡಿದ ಎಸ್ಟೇಟ್ ಮಾಲೀಕ ವಿಶ್ವನಾಥ್, ತಮ್ಮ ರೇಸ್ ಜೀಪನ್ನು ಅವಳ ಕೈಗೆ ಕೊಟ್ಟಿದ್ದರು. ಭಾನುವಾರ ಕಳಸದ ದಾರಿಯ ಎಸ್ಟೇಟೊಂದರಲ್ಲಿ ರೇಸು. ಮೊದಲ ಮೂವರಲ್ಲಿ ಬಂದರೆ ವರ್ಷವಿಡೀ ಎಲ್ಲ ರೇಸಿಗೂ ಡ್ರೈವರ್ ಸೀಟು ಅವಳದು.

“ದೊಡ್ಡಪ್ಪ, ರೇಡಿಯೇಟರ್ ಹೋಸ್ ಪೈಪು ಬಿಗಿಯೋಕೆ ಕ್ಲಾಂಪ್ ಬೇಕಿತ್ತು. ಸ್ಪ್ರಿಂಗ್ ಇರೋದು, ಒಳಗೆ ನುಣ್ಣಗಿರೋದು. ವಿಶ್ವಣ್ಣ ಅದನ್ನೇ ಹಾಕ್ಬೇಕು ಅಂದಿದಾರೆ. ಇವತ್ತು ಫೋನ್ ಮಾಡಿದ್ರೆ ಮಂಗಳೂರಿಂದ ಶುಕ್ರವಾರದ ಬಸ್ಸಿಗೆ ಹಾಕ್ತಾರಂತೆ.”

“ಕ್ಲಾಂಪಿಗೆ ಸ್ಪ್ರಿಂಗಾ? ಅದರ ಮೇಲೆ ಮಲಗ್ತೀಯಾ ಮಾರಾಯ್ತಿ?”

ಕೃತಿಕಾ ನಕ್ಕಳು, ಆದರೆ ಬಿಡಲಿಲ್ಲ. “ಹೋಸು ಸಿಲಿಕೋನಿಂದು, ಮೆತ್ತಗಿರುತ್ತೆ. ಕಾದಾಗ ಉಬ್ಬುತ್ತೆ, ಆರಿದಾಗ ಕುಗ್ಗುತ್ತೆ. ಸ್ಪ್ರಿಂಗಿಂದು ಅದರ ಜೊತೆಗೇ ಹಿಗ್ಗಿ ಕುಗ್ಗುತ್ತೆ. ಮಾಮೂಲಿ ಕ್ಲಾಂಪಿನ ಪಟ್ಟಿಯಲ್ಲಿ ಸೀಳು ಇರ್ತವಲ್ಲ, ಅವು ಹೋಸನ್ನ ಕೊಯ್ದುಬಿಡ್ತವೆ.”

“ನಿನ್ನ ರೇಡಿಯೇಟರಲ್ಲಿ ಪ್ರೆಷರ್ ಎಷ್ಟಮ್ಮ?”

“ಹದಿನೈದು ಪೌಂಡ್.”

“ನಮ್ಮ ಪಂಪು ಹಳ್ಳದ ನೀರನ್ನ ಗುಡ್ಡದ ನೆತ್ತಿಗೆ ಹತ್ತಿಸುತ್ತೆ. ಅದರಲ್ಲಿ ನೂರರ ಹತ್ತಿರ ಇರುತ್ತೆ. ಅದನ್ನ ತಡ್ಕೊಂಡ ಕ್ಲಾಂಪು ನಿನ್ನ ಹದಿನೈದಕ್ಕೆ ಹೆದರುತ್ತಾ?”

ಕಾಫಿ ಸೀಮೆಯಲ್ಲಿ ಕ್ಲಾಂಪಿನ ತಾಕತ್ತು ಅಳೆಯುವುದು ತೋಟಕ್ಕೆ ನೀರು ಹಾರಿಸುವ ಸ್ಪ್ರಿಂಕ್ಲರ್ ಪಂಪಿನ ಮೇಲೆಯೇ. ಅದರಲ್ಲಿ ಗೆದ್ದದ್ದು ಎಲ್ಲೂ ಸೋಲದು ಅನ್ನುವ ನಂಬಿಕೆ. ಹಳ್ಳದ ನೀರು ತಣ್ಣಗಿರುತ್ತದೆ, ರೇಡಿಯೇಟರಿನ ನೀರು ಕುದಿಯುತ್ತದೆ ಎಂಬ ಸಣ್ಣ ಮಾತು ಅವನಿಗೆ ಹೊಳೆಯಲೇ ಇಲ್ಲ. ಹುಡುಗಿ ಅದನ್ನೇ ಹೇಳಿದ್ದಳು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನಿಗೆ ನಾಲ್ಕನೆಯದನ್ನು ತೋರಿಸುವವರು ಯಾರು?

ಆ ಅಳತೆಯ ಕ್ಲಾಂಪು ಅಂಗಡಿಯಲ್ಲಿ ಮುಗಿದಿತ್ತು. ಮಳೆಗಾಲವಾದ್ದರಿಂದ ಮನೆಯ ಪಂಪು ಕೆಲಸವಿಲ್ಲದೆ ಶೆಡ್ಡಿನಲ್ಲಿ ಕೂತಿತ್ತು. ಅದರಿಂದಲೇ ಎರಡನ್ನು ಬಿಚ್ಚಿಸಿ ತರಿಸಿದ. ಎರಡರ ಮೇಲೂ ಹಳದಿ ಬಣ್ಣದ ಬೊಟ್ಟು. ಬೇಸಿಗೆಯಲ್ಲಿ ಪಂಪು ಪೈಪುಗಳು ತೋಟದಿಂದ ತೋಟಕ್ಕೆ ಕೈಗಡ ಹೋಗಿ ಬರುವುದರಿಂದ ಒಂದೊಂದು ಮನೆಯವರು ತಮ್ಮ ಸಾಮಾನಿಗೆ ಒಂದೊಂದು ಬಣ್ಣ ಹಚ್ಚಿಡುತ್ತಾರೆ. ಜಯದೇವಪ್ಪನ ಮನೆಯದು ಹಳದಿ, ಸುತ್ತಲಿನವರಿಗೆಲ್ಲ ಗೊತ್ತು.

ಕೃತಿಕಾ ಕ್ಲಾಂಪನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು. ದೊಡ್ಡಪ್ಪನಿಗೆ ಇಲ್ಲ ಅಂದು ಆ ಮನೆಯಲ್ಲಿ ಯಾರಿಗೂ ರೂಢಿಯಿರಲಿಲ್ಲ. ಜೇಬಿಗೆ ಹಾಕಿಕೊಂಡು ಹೋದಳು.

ಭಾನುವಾರ ಜಯದೇವಪ್ಪ ಕೊಡೆ ಹಿಡಿದು ರೇಸಿಗೆ ಹೋದ. ಐದು ಸುತ್ತಿನಲ್ಲಿ ನಾಲ್ಕನೆಯದು ಮುಗಿದಾಗ ಕೃತಿಕಾ ಎರಡನೆಯವಳು. ಅವನು ಪಕ್ಕದಲ್ಲಿದ್ದ ಗುರುತಿಲ್ಲದವರಿಗೂ ನನ್ನ ತಮ್ಮನ ಮಗಳು ಅಂತ ಹೇಳಿದ. ಕೊನೆಯ ಏರಿನಲ್ಲಿ ಬಾನೆಟ್ಟಿನಿಂದ ಬಿಳಿ ಹಬೆ ಎದ್ದಿತು. ಜೀಪು ನಿಂತಿತು. ಒಂದೊಂದಾಗಿ ಉಳಿದ ಗಾಡಿಗಳು ಅದನ್ನು ದಾಟಿಕೊಂಡು ಹೋದವು.

ಎಳೆದು ತಂದ ಜೀಪಿನ ಸುತ್ತ ಜನ ಕೂಡಿದರು. ಹೋಸು ಕೆಸರು ಮೆತ್ತಿದ ಕ್ಲಾಂಪಿನ ಬುಡದಲ್ಲೇ ಕೊಯ್ದುಹೋಗಿದೆ ಎಂದು ಮೆಕ್ಯಾನಿಕ್ ರಾಜೇಶ್ ಹೇಳಿದ. ಆಗ ವಿಶ್ವನಾಥ್ ಕೇಳಿದರು, “ಯಾವ ಕ್ಲಾಂಪ್ ಹಾಕಿದ್ದು?”

ಮಳೆ ನಿಂತಿತ್ತು. ಅಲ್ಲಿದ್ದವರಲ್ಲಿ ಅರ್ಧ ಜನ ಜಯದೇವಪ್ಪನ ಗಿರಾಕಿಗಳು. ತಲೆ ತಗ್ಗಿಸಿ ಕೊಡೆ ಮಡಚತೊಡಗಿದ. ಒಂದು ಕೊಡೆ ಮಡಚಲಿಕ್ಕೆ ಎಷ್ಟು ಹೊತ್ತು ಬೇಕು? ಅವನಿಗೆ ಅವತ್ತು ಬಹಳ ಹೊತ್ತು ಹಿಡಿಯಿತು.

“ನೀವು ಹೇಳಿದ್ದನ್ನೇ ಹಾಕಿದ್ದೆ ವಿಶ್ವಣ್ಣ,” ಅಂದಳು ಕೃತಿಕಾ. “ಬಿಗಿ ಜಾಸ್ತಿ ಮಾಡ್ಬಿಟ್ಟೆ. ತಪ್ಪು ನಂದೇ.”

ವಾರ ಕಳೆದ ಮೇಲೆ ಸೀಟು ಬೇರೆಯವರಿಗೆ ಹೋಯಿತು. ಕೃತಿಕಾ ಮತ್ತೆ ತೋಟದ ಜೀಪಿನಲ್ಲಿ ಗೊಬ್ಬರದ ಮೂಟೆ ಸಾಗಿಸತೊಡಗಿದಳು. ದೊಡ್ಡಪ್ಪ ಎದುರಾದರೆ ಊಟ ಆಯ್ತಾ ಅಂತ ಎಂದಿನಂತೆಯೇ ಕೇಳುತ್ತಿದ್ದಳು. ಬೈದಿದ್ದರೆ ಒಳ್ಳೆಯದಿತ್ತು ಅನಿಸುತ್ತಿತ್ತು ಅವನಿಗೆ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಆಡದೆಯೂ ಹೋಗುತ್ತದೆ ಎಂದು ಅರವತ್ತೆರಡರ ವಯಸ್ಸಿನಲ್ಲಿ ಅವನು ಕಲಿತ.

ಫೆಬ್ರವರಿಯಲ್ಲಿ, ಕಾಫಿ ಹೂವಿಗೆ ನೀರು ಹಾರಿಸಲು ಪಂಪು ಹೊರಗೆ ತೆಗೆದರು. ಎರಡು ಕ್ಲಾಂಪ್ ಇರಲಿಲ್ಲ. ಆ ಖಾಲಿ ಹೋಸಿನ ಬಾಯಿ ನೋಡಿ ಜಯದೇವಪ್ಪನಿಗೆ ನಿಲ್ಲಲಾಗಲಿಲ್ಲ. ನೆಟ್ಟಗೆ ವಿಶ್ವನಾಥ್ ಅವರ ಮನೆಗೆ ಹೋಗಿ, ಕೂರದೆಯೇ ಎಲ್ಲ ಹೇಳಿದ.

ವಿಶ್ವನಾಥ್ ಮೇಜಿನ ಡ್ರಾಯರ್ ಎಳೆದು ಎರಡು ಕ್ಲಾಂಪ್ ಮುಂದಿಟ್ಟರು. ಹಳದಿ ಬೊಟ್ಟು ಹಾಗೇ ಇತ್ತು.

“ಅವತ್ತು ಸಾಯಂಕಾಲವೇ ಕೆಸರು ತೊಳೆದಾಗ ನೋಡ್ದೆ ಜಯದೇವಪ್ಪನವ್ರೆ. ಅವಳು ಓಡಿಸಿದ್ದನ್ನ ನೋಡಿದ್ದೆ, ಗಾಡಿ ಸೋತದ್ದಕ್ಕೆ ಅವಳನ್ನ ತೆಗೀಲಿಲ್ಲ. ಗಾಡಿಯಲ್ಲಿ ಏನಿದೆ ಅಂತ ಸುಳ್ಳು ಹೇಳಿದ್ಲು. ಹಾಗೆ ಹೇಳೋರನ್ನ ಸೀಟಲ್ಲಿ ಕೂರಿಸಿದ್ರೆ ಒಂದು ದಿನ ಜೀವ ಹೋಗುತ್ತೆ. ನೀವು ಬರ್ತೀರೇನೋ ಅಂತ ಒಂದು ವಾರ ಕಾದೆ. ಈಗ ಈ ವರ್ಷದ್ದೆಲ್ಲ ಬೇರೆಯವರಿಗೆ ಒಪ್ಪಿಸಿ ಆಯ್ತು.”

ಜಯದೇವಪ್ಪ ಕ್ಲಾಂಪು ಎತ್ತಿಕೊಂಡು ಹಳ್ಳದ ದಡಕ್ಕೆ ಬಂದ. ಕೃತಿಕಾ ಪಂಪಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಅವನ ಕೈಯಲ್ಲಿದ್ದದ್ದನ್ನು ನೋಡಿ ಈಸಿಕೊಂಡು ಹೋಸಿಗೆ ಹಾಕಿದಳು.

“ನಂದು ತಪ್ಪಾಯ್ತು ಮಗಾ. ವಿಶ್ವನಾಥ್ ಅವ್ರಿಗೂ ಹೇಳಿ ಬಂದೆ. ನೀನ್ಯಾಕೆ ಅವತ್ತು ಹಾಗೆ ಹೇಳ್ದೆ?”

ಅವಳು ಸ್ಕ್ರೂ ತಿರುಗಿಸುತ್ತಲೇ ಹೇಳಿದಳು, “ಅವ್ರು ಕೇಳಿದ ತಕ್ಷಣ ನಿಮ್ಮ ಕಡೆ ನೋಡ್ದೆ ದೊಡ್ಡಪ್ಪ. ನೀವು ಹೇಳ್ತೀರಿ ಅಂತ ಕಾದೆ. ನೀವು ಕೊಡೆ ಮಡಚ್ತಾ ಇದ್ರಿ.”

ಎದ್ದು ಎಂಜಿನ್ ಚಾಲೂ ಮಾಡಿದಳು. ನೀರು ಗುಡ್ಡ ಹತ್ತಿತು. ಹಳದಿ ಕ್ಲಾಂಪಿನಿಂದ ಒಂದು ಹನಿಯೂ ಸೋರಲಿಲ್ಲ.