ಹುಳುಮನೆಯ ಹೊರಗೆ ಮೂರು ದಿನ

ವೆಂಕಟರಾಯಪ್ಪನವರು ಅಷ್ಟು ಬೇಗ ಒಪ್ಪಿಕೊಂಡಾಗಲೇ ನನಗೆ ಅನುಮಾನ ಬರಬೇಕಿತ್ತು.

ದಿಬ್ಬೂರಹಳ್ಳಿಯಲ್ಲಿ ಮುಟ್ಟಾದ ಹೆಂಗಸರು ಮೂರು ದಿನ ರೇಷ್ಮೆ ಹುಳು ಸಾಕುವ ಮನೆಗೆ ಕಾಲಿಡುವುದಿಲ್ಲ. ಇಟ್ಟರೆ ಹುಳುವಿಗೆ ರೋಗ ಬರುತ್ತದೆಂಬ ನಂಬಿಕೆ. ಅದನ್ನು ಬಿಡಿಸುವುದು ನಮ್ಮ ಸಂಸ್ಥೆಯ ಕೆಲಸ. ಆ ಊರು ನನ್ನ ಪಾಲಿಗೆ ಬಂದಿತ್ತು. ಅಲ್ಲಿನ ದೊಡ್ಡ ಹುಳುಮನೆ ವೆಂಕಟರಾಯಪ್ಪನವರದು. ನಾನು ಮಾತು ಮುಗಿಸುವ ಮೊದಲೇ ಅವರು, "ಪರ್ವಾಲೇದಮ್ಮ, ಬರ್ಲಿ ಬಿಡು. ಹುಳಕ್ಕೇನು ಗೊತ್ತಾಗ್ತದಾ?" ಎಂದರು. ಆ ಸಂಜೆ ಖುಷಿಗೆ ಮನೆಯಲ್ಲಿ ಮಕ್ಕಳಿಗೆ ಶಾವಿಗೆ ಪಾಯಸ ಮಾಡಿದೆ.

ಮತ್ತೆ ಹೋದಾಗ, ಅವರಲ್ಲಿ ಕೆಲಸ ಮಾಡುವ ಮುನಿಲಕ್ಷ್ಮಿ ನನ್ನ ಮುಖ ನೋಡಲಿಲ್ಲ. ಹಿಪ್ಪುನೇರಳೆ ಕಡ್ಡಿ ಕತ್ತರಿಸುತ್ತಲೇ ಇದ್ದಳು.

"ಯಾಕೆ, ಮಾತಿಲ್ಲ ಕತೆಯಿಲ್ಲ?"

"ಏನು ಮಾತಾಡ್ಲಿ ವರಲಕ್ಷ್ಮಕ್ಕ? ಇದ್ದ ರಜಾನೂ ಕಿತ್ಕೊಂಡ್ಯಲ್ಲ."

"ರಜಾನಾ?"

"ಇನ್ನೇನು ಮತ್ತೆ! ನಂಗೆ ಭಾನುವಾರ ಐತಾ? ಹುಳ ಹಬ್ಬ ಅಂದ್ರೆ ಕೇಳ್ತವಾ? ಆ ಮೂರು ದಿನ ಬೆನ್ನು ನೆಲಕ್ಕೆ ತಾಗಿಸ್ತಿದ್ದೆ. ಈಗ ಯಜಮಾನ್ರು 'ಮೇಡಮ್ಮೇ ಹೇಳವ್ರೆ, ಬಾ ಬಾ' ಅಂತಾರೆ. ಮೈಲಿಗೆ ಹೋಯ್ತು ಅಂತ ನೀನು ಪಾಯಸ ಕುಡಿ ತಾಯಿ."

ಕುಡಿದಾಗಿತ್ತು.

ಅವಳ ಮಗಳು ಲಾವಣ್ಯ ಎಂಟನೇ ಕ್ಲಾಸು. ಮೊದಲ ಸಲ ಮುಟ್ಟಾದಾಗ, "ನಾನು ಮುಟ್ಟಿದ್ರೆ ಹುಳ ಸತ್ತೋಗ್ತವಾ ಅಕ್ಕ?" ಎಂದು ಅತ್ತಿದ್ದಳು. "ಇಲ್ಲ ಕಣಮ್ಮ" ಎಂದು ನಾನೇ ಅವಳ ಅಂಗೈ ಮೇಲೆ ಒಂದು ಹುಳು ಬಿಟ್ಟಿದ್ದೆ. ಈಗ ತಾಯಿಗೆ ವಿಶ್ರಾಂತಿ ಸಿಗಬೇಕಾದರೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೇ? ರಾತ್ರಿ ಮುದ್ದೆ ತಿರುವುವಾಗಲೂ ಅದೇ ಯೋಚನೆ.

ಚಿಕ್ಕಬಳ್ಳಾಪುರದ ಕಚೇರಿಯಲ್ಲಿ ನಮ್ಮ ಮುಖ್ಯಸ್ಥೆ ಸಂಘಮಿತ್ರ ಅವರಿಗೆ ಹೇಳಿದೆ.

"ರಜೆ ಆಮೇಲೆ ಕೇಳೋಣ ವರಲಕ್ಷ್ಮಿ. ಗುರುವಾರ ದಾನಿಗಳ ಕಡೆಯವರು ವಿಡಿಯೋ ಮಾಡೋಕೆ ಬರ್ತಿದಾರೆ. ಚೆನ್ನಾಗಿ ಬಂದ್ರೆ ಚಿಂತಾಮಣಿ, ಗೌರಿಬಿದನೂರು ಕಡೆಗೂ ಹೋಗಬಹುದು. ಅಲ್ಲೂ ಲಾವಣ್ಯ ಥರದ ಹುಡುಗೀರು ಇದಾರಲ್ಲ?"

ಅದು ಸುಳ್ಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಗುರುವಾರ ಬೆಳಿಗ್ಗೆ ಕ್ಯಾಮೆರಾದವರ ಜೊತೆ ನಾನೂ ಸಂಘಮಿತ್ರ ಅವರೂ ಹೋದೆವು. ಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಬಿಟ್ಟು ಎದ್ದಿದ್ದವು; ಎಷ್ಟು ಸೊಪ್ಪು ಹಾಕಿದರೂ ಸಾಲದ ಹೊತ್ತು. ಒಳಗಿನಿಂದ ಅವು ಮೇಯುವ ಚರಚರ ಸದ್ದು ಜಗಲಿಗೂ ಕೇಳುತ್ತಿತ್ತು. ಆ ಜಗಲಿಯ ಮೇಲೆ, ಮುಟ್ಟಾಗಿದ್ದ ಮುನಿಲಕ್ಷ್ಮಿ ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದಳು. ಸ್ಕೂಲಿಗೆ ಹೊರಟ ಲಾವಣ್ಯ ಪಕ್ಕದಲ್ಲಿ ನಿಂತಿದ್ದಳು.

"ಏಳಮ್ಮಾ ಮಹಾರಾಣಿ," ವೆಂಕಟರಾಯಪ್ಪ ಕೂಗಿದರು. "ಹುಳ ಬಾಯಿ ಬಿಡ್ತಾವೆ. ಕ್ಯಾಮೆರಾನೂ ಬಂದೈತೆ ನಿನ್ ಮೆರವಣಿಗೆಗೆ."

ಅವಳು ಅಲ್ಲಾಡಲಿಲ್ಲ. ಸಂಘಮಿತ್ರ ನನ್ನ ಭುಜ ಮುಟ್ಟಿದರು. "ನೀವು ಕರೆದ್ರೆ ಬರ್ತಾಳೆ."

ನಿಜ, ಬರುತ್ತಿದ್ದಳು. ಅವಳಿಗೆ ನನ್ನ ಮೇಲೆ ಅಷ್ಟು ದಾಕ್ಷಿಣ್ಯವಿತ್ತು.

"ನಾನು ಕರೆಯಲ್ಲ ಮೇಡಂ."

"ಯೋಜನೆ ನಿಂತುಹೋಗುತ್ತೆ."

"ನಿಲ್ಲಲಿ. ಮಲಗಿರೋ ಹೆಂಗಸನ್ನ ಎಬ್ಬಿಸಿ ದುಡಿಸೋಕೆ ನಾನು ಈ ಊರಿಗೆ ಬಂದಿಲ್ಲ."

ಮನೆಯಲ್ಲಿ ಮಕ್ಕಳ ಮೇಲೂ ಎತ್ತದ ದನಿ ಅದು. ಹೋಗಿ ಮುನಿಲಕ್ಷ್ಮಿಯ ಕಾಲ ಬಳಿ ಕೂತೆ.

ಲಾವಣ್ಯ ಮೆಲ್ಲಗೆ ಕೇಳಿದಳು. "ಹಂಗಾದ್ರೆ ಮುಟ್ಟಾದೋರು ಒಳಗೆ ಹೋಗ್ಬಾರ್ದಾ ಅಮ್ಮ?"

ಮುನಿಲಕ್ಷ್ಮಿ ಮಗಳ ಮುಖವನ್ನೇ ನೋಡಿದಳು. ಆಮೇಲೆ ಸೊಂಟ ಹಿಡಿದುಕೊಂಡು ಎದ್ದಳು. ಹೊಸಿಲು ದಾಟಿ, ತಟ್ಟೆಯಿಂದ ಬೆರಳುದ್ದದ ಹುಳುವೊಂದನ್ನು ಅಂಗೈಗೆ ತೆಗೆದುಕೊಂಡು ಮಗಳಿಗೆ ತೋರಿಸಿದಳು. ಅದನ್ನು ಎಲೆಯ ಮೇಲೆ ಬಿಟ್ಟು, ಹೊರಗೆ ಬಂದು, ಮೊದಲಿನ ಹಾಗೆಯೇ ಮಲಗಿದಳು.

"ನೋಡ್ದೇನೇ? ಹೋಗ್ಬೌದು. ಹುಳಕ್ಕೇನೂ ಆಗಲ್ಲ." ಬಳಿಕ ಯಜಮಾನರ ಕಡೆ ತಿರುಗಿದಳು. "ನಂಗೆ ಹೊಟ್ಟೆ ನೋವು. ಮೂರು ದಿನ ಕೆಲ್ಸಕ್ಕೆ ಬರಲ್ಲ. ಮೈಲಿಗೆ ಅಂತ ಅಲ್ಲ. ರಜಾ ಅಂತ."

"ಮೇವು ಯಾರು ಹಾಕ್ತಾರೆ?"

"ನೀವು ಮುಟ್ಟಾಗಿಲ್ವಲ್ಲ ಸ್ವಾಮಿ!"

ಕ್ಯಾಮೆರಾ ಹಿಡಿದವರೇ ನಕ್ಕುಬಿಟ್ಟರು. ಸಂಘಮಿತ್ರ ನಗಲಿಲ್ಲ. "ವಿಡಿಯೋದಲ್ಲಿ ಒಳಗೆ ಹೋಗಿದ್ದರ ತನಕ ಇಟ್ಕೊಂಡ್ರೆ ಸಾಕು," ಎಂದರು.

"ಹೊರಗೆ ಬಂದು ಮಲಗಿದ್ದೂ ಇರ್ಬೇಕು ಮೇಡಂ. ಅವಳನ್ನ ಅರ್ಧ ಮಾತ್ರ ತೋರಿಸೋದಾದ್ರೆ ಬೇಡ. ವರದೀಲೂ ಎರಡನ್ನೂ ಬರೀತೀನಿ. ನನ್ನನ್ನ ತೆಗೆದ್ರೂ ಬರೀತೀನಿ."

ಅವರು ಕ್ಯಾಮೆರಾದವರ ಕಡೆ ನೋಡಿದರು. ನಿಲ್ಲಿಸಿ ಎಂದು ಮಾತ್ರ ಹೇಳಲಿಲ್ಲ.

ಒಳಗೆ ಚರಚರ ಸದ್ದು ಇಳಿಯುತ್ತಿತ್ತು; ಸೊಪ್ಪು ಮುಗಿಯುತ್ತಾ ಬಂದಿತ್ತು. ವೆಂಕಟರಾಯಪ್ಪ ಅತ್ತ ನೋಡಿದರು, ಇತ್ತ ನೋಡಿದರು. ಏನೋ ಗೊಣಗುತ್ತಾ ಪಂಚೆ ಎತ್ತಿ ಕಟ್ಟಿ, ಹಿಪ್ಪುನೇರಳೆಯ ಹೊರೆಗೆ ಬಗ್ಗಿದರು.

ಲಾವಣ್ಯ ತನ್ನ ಸ್ಕೂಲ್ ಬ್ಯಾಗನ್ನು ಅಮ್ಮನ ತಲೆಯಡಿಗೆ ಇಟ್ಟಳು.